ಪಾಠ ಹೇಳೋದು ಕಲಿಸಿದ್ರು, ಪ್ರಶ್ನೆ ಕೇಳೋದು?

ಡೊಂಬಿವಲಿಯಿಂದ ಐರೋಲಿಗೆ ದಿನಾ ಲೋಕಲ್ ಹತ್ತೋ ನಮ್ಮಂಥವರಿಗೆ ಟೆಸ್ಟಿಂಗ್ ಅಂದ್ರೆ ಸಾಫ್ಟ್‌ವೇರ್ ಟೆಸ್ಟಿಂಗ್. ಇವತ್ತು ಮಾತಾಡೋದು ಮಕ್ಕಳ ಇಂಗ್ಲಿಷ್ ಪರೀಕ್ಷೆ ಬಗ್ಗೆ.

ನಾಲ್ಕನೇ ಕ್ಲಾಸಿನ ನನ್ನ ಮಗಳು ಇಂಗ್ಲಿಷ್‌ನಲ್ಲಿ ಪೂರ್ತಿ ಅಂಕ ತಂದಳು. ಓದಿ ಉತ್ತರಿಸಿ ಅಂತ ಕೊಟ್ಟ ಗದ್ಯ ಪಾಠಪುಸ್ತಕದ್ದೇ. ಓದದೇನೇ ಬರೆದಿದ್ದಳು! ಮನೆಯಲ್ಲಿ ಅಷ್ಟೇ ಸುಲಭದ ಹೊಸ ಕಥೆ ಕೊಟ್ಟೆ, ಎರಡನೇ ಸಾಲಿಗೇ ನಿಂತುಬಿಟ್ಟಳು. ಆ ಪ್ರಶ್ನೆ ಅಳೆದದ್ದು ನೆನಪನ್ನ, ಭಾಷೆಯನ್ನಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಅಕ್ಕ ಒಬ್ಬರಿದ್ದಾರೆ, ಕಲ್ಯಾಣದಲ್ಲಿ ಇಂಗ್ಲಿಷ್ ಟೀಚರ್. ಕೇಳಿದರೆ, "ತಮ್ಮಾ, ನಮಗ ಪಾಠ ಹೇಳೂದು ಕಲಿಸ್ಯಾರ, ಪ್ರಶ್ನಿ ಕೇಳೂದು ಯಾರೂ ಸರಿಯಾಗಿ ಕಲಿಸಿಲ್ಲ" ಅಂದರು.

ಇದಕ್ಕೊಂದು ಇತಿಹಾಸ ಇದೆ. ಬೋರಿಬಂದರಿನಿಂದ ನಮ್ಮ ಥಾಣೆಗೆ ರೈಲು ಬಂದದ್ದು 1853ರಲ್ಲಿ. ನಾಲ್ಕೇ ವರ್ಷಕ್ಕೆ, 1857ರಲ್ಲಿ, ಬಾಂಬೆ ವಿಶ್ವವಿದ್ಯಾಲಯ ಬಂತು. ಲಂಡನ್ ವಿಶ್ವವಿದ್ಯಾಲಯದ ಮಾದರಿ. ಶುರುವಿನಲ್ಲಿ ಅದು ಪಾಠ ಹೇಳ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡ್ತಿತ್ತು. 1859ರಲ್ಲಿ ಅದರ ಮೆಟ್ರಿಕ್ಯುಲೇಷನ್ ಪಾಸಾದವರಲ್ಲಿ ಮಹಾದೇವ ಗೋವಿಂದ ರಾನಡೆ ಒಬ್ಬರು. ಧಾರವಾಡ, ಬೆಳಗಾವಿ, ವಿಜಾಪುರದ ನಮ್ಮ ಹಿರಿಯರೂ ದಶಕಗಟ್ಟಲೆ ಬರೆದದ್ದು ಇದೇ ವಿಶ್ವವಿದ್ಯಾಲಯದ ಪರೀಕ್ಷೆ. ಪ್ರಶ್ನೆ ಒಂದು ಕಡೆ ತಯಾರಾಗ್ತಿತ್ತು, ಪಾಠ ಇನ್ನೊಂದು ಕಡೆ ನಡೀತಿತ್ತು. ಹುಡುಗರನ್ನ ಆ ಪ್ರಶ್ನೆಗೆ ಸಜ್ಜು ಮಾಡೋದಷ್ಟೇ ಮೇಷ್ಟ್ರ ಕೆಲಸ.

ಬದಲಿಸೋ ಪ್ರಯತ್ನ ನಡೀಲಿಲ್ಲ ಅಂತಲ್ಲ. ಐವತ್ತರ ದಶಕದ ಕೊನೆಗೆ ಅಮೆರಿಕದ ಬೆಂಜಮಿನ್ ಬ್ಲೂಮ್ ಇಲ್ಲಿಗೆ ಬಂದು ಶಿಕ್ಷಕರಿಗೆ ಮೌಲ್ಯಮಾಪನದ ಕಾರ್ಯಾಗಾರ ನಡೆಸಿದರು. ಆದರೆ ದೊಡ್ಡ ತಿರುವು 2010ರ ಏಪ್ರಿಲ್ 1ರದು. ಅವತ್ತು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ವರ್ಷವಿಡೀ ಮಗುವಿನ ಕಲಿಕೆ ಗಮನಿಸೋ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕು ಅಂತು. ನೂರೈವತ್ತು ವರ್ಷ ಬೇರೆಯವರ ಕೈಲಿದ್ದ ತಕ್ಕಡಿ ಕ್ಲಾಸ್ ಟೀಚರ್ ಕೈಗೆ ಬಂತು. "ತರಬೇತ್ಯಾಗ ನಮಗ ಸಿಕ್ಕದ್ದು ಫಾರ್ಮ್ ತುಂಬೂದು" ಅಂತಾರೆ ಅಕ್ಕ.

ಅವರಿಗೆ ಬೇಕಾದ್ದು ಮೂರು. ಒಂದು, ಯಾವ ಪ್ರಶ್ನೆ ಯಾವ ಕೌಶಲ ಅಳೆಯುತ್ತೆ ಅಂತ ಗುರುತಿಸೋದು. ಎರಡು, ಒಂದೇ ಮಗುವಿನ ಮಾತು ಕೇಳಿದ ಇಬ್ಬರು ಟೀಚರ್‌ಗಳ ಅಂಕ ಹತ್ತಿರ ಹತ್ತಿರ ಬರೋ ಹಾಗೆ ಮೊದಲೇ ಅಳತೆ ಒಪ್ಪಿಕೊಳ್ಳೋದು. ಮೂರು, ಅರ್ಧ ಕ್ಲಾಸ್ ತಪ್ಪಿದರೆ ದೋಷ ಪಾಠದ್ದೋ ಪ್ರಶ್ನೆಯದ್ದೋ ಹುಡುಕೋದು. ಬಗ್ ಬಂದಾಗ ನಾವು ಮಾಡೋದೂ ಇದೇ ಅಲ್ವಾ?

ಕಳೆದ ಪರೀಕ್ಷೆಯಲ್ಲಿ ಅಕ್ಕ ಪುಸ್ತಕದಲ್ಲಿಲ್ಲದ ಕಥೆ ಕೊಟ್ಟರು. ಅಂಕ ಇಳಿಯಿತು, ಪೋಷಕರು ಜಗಳಕ್ಕೆ ಬಂದರು. ನಮ್ಮ ಶಾಲೆಯಲ್ಲಿ ಹಾಗಾಗಿದ್ದರೆ ನಾನೂ ಹೋಗ್ತಿದ್ದೆನೋ ಏನೋ. ಮುಂದಿನ ಪೋಷಕರ ಸಭೆಯಲ್ಲಿ ಮಾತ್ರ ಅಂಕ ಎಷ್ಟು ಅಂತ ಕೇಳಲ್ಲ. ಟೀಚರ್‌ಗಳಿಗೆ ಈ ತರಬೇತಿ ಯಾವಾಗ ಕೊಡಿಸ್ತೀರಿ ಅಂತ ಕೇಳ್ತೀನಿ. ನೀವೂ ಕೇಳಿ. ಸಿಗೋಣ.