ಬೀಗದ ಕೈ ಯಾರ ಹತ್ತಿರ?

ಮನೆ ಅಂದ್ರೆ ನಾಲ್ಕು ಗೋಡೆ, ಮೇಲೊಂದು ಸೂರು. ಇಷ್ಟೇ ಅಂದ್ಕೊಂಡಿರ್ತೀವಿ. ಫ್ರೆಂಚ್ ಚಿಂತಕ ಆನ್ರಿ ಲೆಫೆವ್ರ್ ಇದನ್ನ ಒಪ್ಪಲ್ಲ. 1974ರಲ್ಲಿ ಬಂದ ಅವರ ಪುಸ್ತಕದ ವಾದ ಇದು: ಜಾಗ ಅನ್ನೋದು ಮೊದಲೇ ಇರೋ ಖಾಲಿ ಡಬ್ಬಿಯಲ್ಲ, ಅದನ್ನ ಸಮಾಜ ತಯಾರು ಮಾಡುತ್ತೆ. ನಮ್ಮೂರ ಹಳೇ ಮನೆಗಳನ್ನ ನೋಡಿ ಬೆಳೆದ ನನಗೆ ಇದು ತಕ್ಷಣ ಅರ್ಥ ಆಯ್ತು. ಜಗಲಿ ಗಂಡಸರದ್ದು, ಅಡುಗೆಮನೆ ಹಿತ್ತಿಲು ಹೆಂಗಸರದ್ದು. ಎಲ್ಲೂ ಬೋರ್ಡ್ ಹಾಕಿರಲಿಲ್ಲ, ಆದ್ರೂ ಎಲ್ಲರಿಗೂ ಗೊತ್ತಿತ್ತು.

ಈ ಕಾಣದ ಬೋರ್ಡನ್ನ ಓದೋಕೆ ನಮ್ಮ ಕಾದಂಬರಿಗಳಿಗಿಂತ ಒಳ್ಳೆ ಜಾಗ ಇಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದಿದ್ದು 1899ರಲ್ಲಿ. ವಿಧವೆಯರ ಮರುಮದುವೆಗೆ ಅವಕಾಶ ಕೊಟ್ಟ ಕಾನೂನು ಬಂದು ಆಗಲೇ 43 ವರ್ಷ. ಕಾನೂನೇನೋ ತೆರೆದಿತ್ತು, ಮನೆ ಬಾಗಿಲು ತೆರೆದಿರಲಿಲ್ಲ. ಬಾಲವಿಧವೆ ಇಂದಿರಾ ಹೊಸ್ತಿಲು ದಾಟ್ತಾಳೆ, ಓದ್ತಾಳೆ, ಮತ್ತೆ ಮದುವೆ ಆಗ್ತಾಳೆ. ಆದ್ರೆ ಗಮನಿಸಿ: ಅವಳು ಆಚೆ ಬಂದು ಉಳಿದಿದ್ದು ಅಮೃತರಾಯರ ಮನೆ ಬಾಗಿಲು ತೆರೆದಿದ್ದರಿಂದ. ಆ ಇನ್ನೊಂದು ಮನೆ ಇಲ್ಲದಿದ್ರೆ ಅವಳ ಪಾಲಿಗೆ ಉಳಿದಿದ್ದು ಬೀದಿ. ಹೊರಗೆ ಹೋಗೋ ಧೈರ್ಯದಷ್ಟೇ, ಹೋಗಿ ನಿಲ್ಲೋಕೆ ಒಂದು ಜಾಗವೂ ಬೇಕು.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇದಕ್ಕೆ ತದ್ವಿರುದ್ಧ. ಲೇಖಕಿಯ ಬಂಧುವರ್ಗದ ಒಬ್ಬ ಹಿರಿಯ ವಿಧವೆಯ ನಿಜ ಬದುಕೇ ಇದರ ಮೂಲ. ಮಲೆನಾಡಿನ ದೊಡ್ಡ ಮನೆ, ಬಾಲ್ಯದಲ್ಲೇ ವೈಧವ್ಯ, ಬೋಳಿಸಿದ ತಲೆ, ಮಡಿ. ಫಣಿಯಮ್ಮ ಮನೆ ಬಿಟ್ಟು ಓಡಲ್ಲ. ಅವಳು ಹೋಗೋದು ಹೆರಿಗೆ ಕೋಣೆಗಳಿಗೆ. ಸೂತಕದ ಜಾಗ ಅಂತ ಗಂಡಸರು ದೂರ ಇಟ್ಟ ಕೋಣೆ ಅದು. ಅಲ್ಲಿ ಅವರ ಮಾತೂ ನಡೆಯಲ್ಲ. ಕಡೆಗೆ ಜಾತಿಯ ಗೆರೆಯನ್ನೂ ದಾಟಿ, ಹೆರಿಗೆ ಕಷ್ಟವಾದ ಒಬ್ಬ ಅಸ್ಪೃಶ್ಯ ಹೆಣ್ಣಿಗೆ ಸದ್ದಿಲ್ಲದೆ ನೆರವಾಗ್ತಾಳೆ.

ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಮುಂದಿನ ಪೀಳಿಗೆಯ ದಾಕ್ಷಾಯಣಿಯ ಪ್ರಸಂಗ. ಗಂಡ ಸತ್ತ ಆ ಹುಡುಗಿ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ತಾಳೆ. 'ನಾನು ಅನುಭವಿಸಲಿಲ್ವಾ, ನೀನೂ ಅನುಭವಿಸು' ಅನ್ನೋದು ಸುಲಭ ಇತ್ತು. ಇಂಥ ಮನೆಗಳಲ್ಲಿ ಬಾಗಿಲು ಕಾಯೋ ಕೆಲಸ ಹೆಚ್ಚಾಗಿ ಬೀಳೋದು ಹಿರಿಯ ಹೆಂಗಸರ ಮೇಲೇ. ಫಣಿಯಮ್ಮ ಆ ಕೆಲಸ ಮಾಡಲ್ಲ ಅಂದುಬಿಟ್ಟಳು. ಒಳಗಿನ ಕಾವಲು ನಿಂತರೆ ಗೋಡೆಗೆ ಎಷ್ಟು ದಿನ ಆಯಸ್ಸು?

ಇದೆಲ್ಲ ಹಳೇ ಕತೆ ಅನ್ನಿಸಿದ್ರೆ ಬೆಂಗಳೂರಿನ ಪಿಜಿಗಳನ್ನ ನೋಡಿ. ಹುಡುಗರು ರಾತ್ರಿ ಒಂದಕ್ಕೆ ಬಂದ್ರೂ ಕೇಳೋರಿಲ್ಲ, ಎಷ್ಟೋ ಕಡೆ ಹುಡುಗೀರ ಗೇಟಿಗೆ ಹತ್ತಕ್ಕೇ ಬೀಗ. ಕೇಳಿದ್ರೆ 'ಸೇಫ್ಟಿ' ಅಂತಾರೆ. ಆಫೀಸಲ್ಲಿ ಸರ್ವರ್‌ನ ಆಕ್ಸೆಸ್ ಕೊಟ್ಟು ನಂಬೋ ಹುಡುಗಿಗೆ ತನ್ನ ಕೋಣೆಯ ಗೇಟಿನ ಕೀ ಕೊಡೋಕೆ ನಂಬಿಕೆ ಸಾಲಲ್ಲ. ಗೋಡೆಗೆ ಹೊಸ ಪೇಂಟ್ ಬಂದಿದೆ, ಅಷ್ಟೇ.