ಚಿತ್ರದ ಅಂಚು, ಪುಟದ ಅಳತೆ

ಚಿತ್ರಕ್ಕೊಂದು ಆಕಾರವಿರುತ್ತದೆ, ಅದನ್ನು ಅಚ್ಚುಮಾಡುವ ಪುಟಕ್ಕೆ ಮತ್ತೊಂದು ಆಕಾರ. ಇವೆರಡೂ ಹೊಂದದೆ ಹೋದಾಗ ಮುದ್ರಕನ ಮುಂದೆ ಎರಡೇ ದಾರಿಗಳು. ಚಿತ್ರವನ್ನು ಕುಗ್ಗಿಸಿ, ಸುತ್ತಲೂ ಬಿಳಿಯ ಜಾಗ ಬಿಟ್ಟು, ಇಡಿಯಾಗಿ ಉಳಿಸಿಕೊಳ್ಳುವುದು ಒಂದು. ಪುಟ ತುಂಬುವಷ್ಟು ಹಿಗ್ಗಿಸಿ, ಹೊರಗೆ ಚಾಚಿದ ಅಂಚನ್ನು ಕತ್ತರಿಸಿಬಿಡುವುದು ಇನ್ನೊಂದು. ಇದು ಕೇವಲ ಅಚ್ಚುಕೂಟದ ಮಾತೆಂದು ತೋರಬಹುದು. ಆದರೆ ನಮ್ಮ ಹಿಂದಿನವರು ಬಿಟ್ಟುಹೋದುದರಲ್ಲಿ ಎಷ್ಟನ್ನು ನಾವು ಕಣ್ಣಾರೆ ಕಾಣಬಲ್ಲೆವು ಎಂಬುದನ್ನು ಈ ಆಯ್ಕೆಯೇ ಬಹುಮಟ್ಟಿಗೆ ನಿರ್ಧರಿಸಿದೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಳಾ ಗ್ರಂಥಗಳ ಓಲೆಗಳನ್ನು ನೋಡಿ. ಹನ್ನೆರಡನೆಯ ಶತಮಾನದ ಆಸುಪಾಸಿನ ಆ ತಾಳೆಗರಿಗಳು ಬಲು ಉದ್ದ, ಅಗಲ ಕಡಿಮೆ. ಹಳಗನ್ನಡ ಲಿಪಿಯಲ್ಲಿ ಮಸಿಯಿಂದ ಬರೆದ ಸಾಲುಗಳ ನಡುವೆ ಬಣ್ಣದ ಚಿತ್ರಗಳು ಕುಳಿತಿವೆ. ಬರೆದವನೂ ಚಿತ್ರಿಸಿದವನೂ ಗರಿಯ ಆಕಾರಕ್ಕೆ ತಲೆಬಾಗಿ ಕೆಲಸಮಾಡಿದ್ದಾರೆ. 1939ರಿಂದ 1958ರವರೆಗೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳಾ 16 ಸಂಪುಟಗಳಾಗಿ ನಾಗರಿ ಲಿಪಿಯಲ್ಲಿ ಅಚ್ಚಾಯಿತು. ವಿದ್ವತ್ತಿಗೆ ಅದು ದೊಡ್ಡ ಲಾಭ. ಆದರೆ ಪಠ್ಯವು ನಿಂತ ಪುಟಗಳಿಗೆ ಸರಿಯಿತು. ಚಿತ್ರಗಳಾದರೋ ಕಲೆಯ ಪುಸ್ತಕಗಳಲ್ಲಿ ಅನೇಕ ವೇಳೆ ಓಲೆಯಿಂದ ಬೇರ್ಪಟ್ಟೇ ಕಾಣಿಸಿಕೊಂಡವು. ಅಕ್ಷರ ಒಂದು ಕಡೆ, ಚಿತ್ರ ಒಂದು ಕಡೆಯಾಯಿತು.

ಕನ್ನಡ ಮುದ್ರಣವು ಆರಂಭದಲ್ಲಿ ಈ ಅಗಲಿಕೆಗೆ ಒಳಗಾಗಲೇಬೇಕಾದ ನಿರ್ಬಂಧವಿರಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯ ಕಲ್ಲಚ್ಚಿನದು. ಹರ್ಮನ್ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಿನ ಮೇಲೆಯೇ. ಕಲ್ಲಚ್ಚಿನಲ್ಲಿ ಅಕ್ಷರವೂ ಗೆರೆಯೂ ಒಂದೇ ಸಮತಲದಲ್ಲಿರುತ್ತವೆ. ಚಿತ್ರವನ್ನು ಎಲ್ಲಿ, ಎಷ್ಟು ಗಾತ್ರದಲ್ಲಿ ಬೇಕಾದರೂ ಬರೆಯಬಹುದು. ಅಚ್ಚುಮೊಳೆಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ಚಿತ್ರಕ್ಕೆ ಬ್ಲಾಕು ಬೇಕಾಯಿತು. ಆ ಬ್ಲಾಕು ಮೊಳೆಯ ಎತ್ತರಕ್ಕೂ ಕಾಲಂ ಅಗಲಕ್ಕೂ ಒಗ್ಗಬೇಕಾಯಿತು. ಛಾಯಾಚಿತ್ರದ ಚುಕ್ಕೆಬ್ಲಾಕುಗಳು ಒರಟು ಕಾಗದದ ಮೇಲೆ ಚೆನ್ನಾಗಿ ಮೂಡವು. ಆದುದರಿಂದ ಅವುಗಳನ್ನು ನುಣುಪಾದ ಆರ್ಟ್ ಪೇಪರಿನ ಬೇರೆ ಹಾಳೆಗಳಿಗೆ ಕಳಿಸುವುದು ವಾಡಿಕೆಯಾಯಿತು.

ಇದರ ಪರಿಣಾಮ ಶಾಸನಗಳ ವಿಷಯದಲ್ಲಿ ಎದ್ದು ಕಾಣುತ್ತದೆ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ಅದರ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೂ ಅಲ್ಲಿ ನಾವು ಮುಖ್ಯವಾಗಿ ಕಾಣುವುದು ಮೊಳೆಗಳಲ್ಲಿ ಜೋಡಿಸಿದ ಪಾಠ ಮತ್ತು ಅನುವಾದ. ಕಲ್ಲಿನ ರೂಪು ಕೆಲವಕ್ಕೆ ಮಾತ್ರ ಸಿಕ್ಕಿತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನ ಎದುರು ನಿಂತರೆ ವ್ಯತ್ಯಾಸ ತಿಳಿಯುತ್ತದೆ. ಅಯ್ಯಪದೇವನ ನೆರವಿಗೆ ಹೋಗಿ ವೀರಮಹೇಂದ್ರನ ಪಡೆಯೊಡನೆ ಕಾದಿ ಮಡಿದ ನಾಗತ್ತರನ ವೃತ್ತಾಂತವೂ ಯುದ್ಧದ ಶಿಲ್ಪವೂ ಅಲ್ಲಿ ಒಂದೇ ಕಲ್ಲಿನ ಮೇಲಿವೆ. ಓದುಬಾರದ ಹಳ್ಳಿಗನು ಶಿಲ್ಪವನ್ನು ನೋಡಿ ಅರಿತದ್ದನ್ನು ಓದುಬಲ್ಲವನು ಅಕ್ಷರದಲ್ಲಿ ಅರಿತನು. ಅಕ್ಷರವನ್ನಷ್ಟೇ ಅಚ್ಚುಹಾಕಿದಾಗ ಆ ಮೊದಲನೆಯ ನೋಟ ಕೈಬಿಡುತ್ತದೆ.

ಮುಂದೆ ಬಂದ ಆಫ್‌ಸೆಟ್ ಮುದ್ರಣ ಕಲ್ಲಚ್ಚಿನ ತತ್ತ್ವದ್ದೇ ಸಂತಾನ. ಇಂದು ಗಣಕಯಂತ್ರದಿಂದಾಗಿ ಮುದ್ರಕನ ಆಯ್ಕೆ ಎಲ್ಲರ ಕೈಗೂ ಬಂದಿದೆ. ಕಮ್ಮನಹಳ್ಳಿಯಂಥ ಬಡಾವಣೆಯ ಯಾವುದೇ ಜೆರಾಕ್ಸ್ ಅಂಗಡಿಗೆ ಹೋದರೂ ಪರದೆಯ ಮೇಲೆ ‘ಫಿಟ್’ ಮತ್ತು ‘ಫಿಲ್’ ಎಂಬ ಎರಡು ಮಾತುಗಳು ಕಾಣುತ್ತವೆ. ಮೊದಲನೆಯದು ಚಿತ್ರವನ್ನು ಇಡಿಯಾಗಿ ಕೂರಿಸುತ್ತದೆ. ಎರಡನೆಯದು ಹಾಳೆಯನ್ನು ತುಂಬುತ್ತದೆ. ಲೆಕ್ಕ ಸುಲಭ. ಎ4 ಹಾಳೆ 297 ಮಿಲಿಮೀಟರ್ ಉದ್ದ, 210 ಮಿಲಿಮೀಟರ್ ಅಗಲ. ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ 3:2ರ ಪ್ರಮಾಣದ್ದು. ಇಡಿಯಾಗಿ ಕೂರಿಸಿದರೆ ಅದರ ಅಗಲ 198 ಮಿಲಿಮೀಟರ್ ಆಗಿ, ಎರಡು ಪಕ್ಕಗಳಲ್ಲೂ 6 ಮಿಲಿಮೀಟರ್ ಬಿಳಿಯ ಪಟ್ಟಿ ಉಳಿಯುತ್ತದೆ. ಹಾಳೆ ತುಂಬಿಸಿದರೆ ಉದ್ದ 315 ಮಿಲಿಮೀಟರಿಗೆ ಬೆಳೆದು, 18 ಮಿಲಿಮೀಟರಿನಷ್ಟು ಚಿತ್ರ ಹಾಳೆಯ ಹೊರಗೆ ಬೀಳುತ್ತದೆ. ಬಿಳಿಯ ಪಟ್ಟಿ ಕಣ್ಣಿಗೆ ಒಗ್ಗದೆಂದು ನಾವು ತೆರುವ ಬೆಲೆ ಇಷ್ಟು. ಆ 18 ಮಿಲಿಮೀಟರಿನಲ್ಲಿ ಮನೆಯವರ ಗುಂಪುಚಿತ್ರದ ಕೊನೆಯಲ್ಲಿ ನಿಂತ ಅಜ್ಜಿಯಿರಬಹುದು. ವೀರಗಲ್ಲಿನ ಕೊನೆಯ ಸಾಲೇ ಇರಬಹುದು.

ಈ ಮಾತಿಗೆ ಬೆಂಗಳೂರಿನಲ್ಲಿ ವಿಶೇಷವಾದ ತುರ್ತಿದೆ. ಕಮ್ಮನಹಳ್ಳಿ, ಬಾಣಸವಾಡಿ, ಹೆಬ್ಬಾಳಗಳೆಲ್ಲ ನಗರದೊಳಗೆ ಸೇರಿಹೋದ ಊರುಗಳು. ಹೆಬ್ಬಾಳದಲ್ಲಿ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂತು. ಅದು ನಮ್ಮ ಭಾಗ್ಯ. ಆದರೆ ರೈಸರು ದಾಖಲಿಸಿದ ಎಷ್ಟೋ ಕಲ್ಲುಗಳು ಇಂದು ಇದ್ದ ಜಾಗದಲ್ಲಿಲ್ಲ. ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಈ ಕಾರಣಕ್ಕಾಗಿಯೇ. ಕಲ್ಲು ಹೋದ ಮೇಲೆ ಉಳಿಯುವುದು ಚಿತ್ರವೊಂದೇ. ಆ ಚಿತ್ರದ ಅಂಚನ್ನೂ ನಾವು ಕತ್ತರಿಸಿದರೆ ಮರಳಿ ಹೋಗಿ ನೋಡಲು ಮೂಲವಿರುವುದಿಲ್ಲ.

ಆದುದರಿಂದ ಊರಿನ ಇತಿಹಾಸವನ್ನೋ ಮನೆತನದ ಚರಿತ್ರೆಯನ್ನೋ ಅಚ್ಚುಮಾಡಿಸುವವರು ಮೂರು ಸಂಗತಿಗಳನ್ನು ನೆನಪಿಡಬೇಕು. ಮೂಲಚಿತ್ರದ ಉದ್ದಗಲಗಳ ಪ್ರಮಾಣ ಕೆಡಬಾರದು. ಅಡ್ಡಚಿತ್ರಕ್ಕೆ ಹಾಳೆಯನ್ನೇ ಅಡ್ಡ ತಿರುಗಿಸಬೇಕು. ಕಲ್ಲಿನ ಚಿತ್ರವಾದರೆ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಬೇಕು. ಇಲ್ಲವಾದರೆ ಆಳೆತ್ತರದ ಬಂಡೆಯೂ ಅಂಗೈಯಗಲದ ತಾಮ್ರಪಟವೂ ಓದುಗನಿಗೆ ಒಂದೇ ಸಮನಾಗಿ ಕಾಣುತ್ತವೆ. ಇಷ್ಟಾದ ಮೇಲೆ ಬಿಳಿಯ ಅಂಚು ಉಳಿದರೆ ಉಳಿಯಲಿ. ಓಲೆಯ ಲಿಪಿಕಾರನೂ ಗರಿಯ ಅಂಚಿನವರೆಗೆ ಬರೆಯುತ್ತಿರಲಿಲ್ಲ. ಹಿಡಿದು ಓದುವವನ ಬೆರಳಿಗೆಂದು ಒಂದಿಷ್ಟು ಜಾಗ ಬಿಡುತ್ತಿದ್ದನು.