ಬೈಕಿನ ಮುಂದಿನ ಗಾಲಿಯ ಅಳತೆ ಬದಲಿಸಿದ ಮೇಲೆ ಟಯರ್ ಆರಿಸುವುದು ಹೇಗೆ?

ಕಿತ್ತೂರು ತಾಲ್ಲೂಕಿನ ದೇಗಾಂವ ಎಂದರೆ ಹೊರಗಿನವರಿಗೆ ನೆನಪಾಗುವುದು ಕದಂಬರ ಕಾಲದ ಕಮಲನಾರಾಯಣ ದೇವಸ್ಥಾನ. ಅಲ್ಲಿನ ಬೈಕ್ ಸವಾರರಿಗೆ ನೆನಪಾಗುವುದು ರಸ್ತೆ. ಕಿತ್ತೂರು ದಾಟಿದರೆ ಬೆಳಗಾವಿ-ಧಾರವಾಡ ಹೆದ್ದಾರಿ. ಅತ್ತ ಬೈಲಹೊಂಗಲ, ಸವದತ್ತಿ ಕಡೆ ತಿರುಗಿದರೆ ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುವ ಎರೆ ಮಣ್ಣು. ಒಂದೇ ಬೈಕು ಎರಡಕ್ಕೂ ಒಗ್ಗಬೇಕು. ಹೀಗಾಗಿಯೇ ಕೆಲವರು 21 ಇಂಚಿನ ಮುಂದಿನ ಗಾಲಿ ತೆಗೆಸಿ 19 ಇಂಚಿನದು ಹಾಕಿಸುತ್ತಾರೆ, ಕೆಲವರು 18 ಇಂಚಿನ ಸ್ಪೋಕ್ ಗಾಲಿಯ ಬದಲು 17 ಇಂಚಿನ ಅಲಾಯ್ ಗಾಲಿ ಕೂಡಿಸುತ್ತಾರೆ. ಗಾಲಿ ಕೂತ ಮೇಲೆ ಉಳಿಯುವ ಪ್ರಶ್ನೆ: ಟಯರ್ ಯಾವುದು? ‘ರಿಮ್ಮಿಗೆ ಕೂತರೆ ಸಾಕು’ ಎಂಬ ಉತ್ತರ ಅರ್ಧ ಸತ್ಯ. ಬ್ರೇಕ್ ಹಿಡಿದಾಗ ಬೈಕಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಟಯರಿನದಾಗುತ್ತದೆ. ಹಿಂದಿನ ಟಯರ್ ಜಾರಿದರೆ ಎಷ್ಟೋ ಸಲ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

ಎರಡು ಇಂಚಿನ ಭ್ರಮೆ

21ರಿಂದ 19ಕ್ಕೆ ಇಳಿದರೆ ಬೈಕು ಎರಡು ಇಂಚು ತಗ್ಗುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಆ ಇಂಚು ರಿಮ್ಮಿನ ವ್ಯಾಸ ಮಾತ್ರ. ನೆಲಕ್ಕೆ ತಾಗುವುದು ಟಯರ್.

ಟಯರಿನ ಪಕ್ಕದಲ್ಲಿ 90/90-21 ಎಂದು ಬರೆದಿದ್ದರೆ ಮೊದಲ 90 ಅದರ ಅಗಲ, ಮಿಲಿಮೀಟರಿನಲ್ಲಿ. ಎರಡನೆಯ 90 ಶೇಕಡಾವಾರು: ಟಯರಿನ ಗೋಡೆ ಅಗಲದ ಶೇ. 90ರಷ್ಟು ಎತ್ತರವಿದೆ, ಅಂದರೆ 81 ಮಿ.ಮೀ. ಕೊನೆಯ 21 ರಿಮ್ಮಿನ ವ್ಯಾಸ, 533.4 ಮಿ.ಮೀ. ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಒಟ್ಟು ವ್ಯಾಸ 695.4 ಮಿ.ಮೀ. ಇದೇ ಲೆಕ್ಕದಲ್ಲಿ 100/90-19 ಟಯರಿನ ಒಟ್ಟು ವ್ಯಾಸ 662.6 ಮಿ.ಮೀ. ವ್ಯತ್ಯಾಸ 32.8 ಮಿ.ಮೀ. ಬೈಕಿನ ಮುಂಭಾಗ ತಗ್ಗುವುದು ಅದರ ಅರ್ಧ, ಅಂದರೆ 16.4 ಮಿ.ಮೀ. ಎರಡು ಇಂಚಿನ ಮೂರನೇ ಒಂದು ಪಾಲೂ ಅಲ್ಲ.

ಕಾಗದ-ಪೆನ್ನು ಹಿಡಿದು ಐದು ನಿಮಿಷ ಮಾಡುವ ಈ ಲೆಕ್ಕವೇ ಆಯ್ಕೆಯ ಬುನಾದಿ. ಹೊಸ ಟಯರಿನ ಒಟ್ಟು ವ್ಯಾಸ ಹಳೆಯದಕ್ಕೆ ಎಷ್ಟು ಹತ್ತಿರವಿರುತ್ತದೋ ಬೈಕಿನ ನಡತೆ ಅಷ್ಟು ಕಡಿಮೆ ಬದಲಾಗುತ್ತದೆ. ಉದಾಹರಣೆಗೆ, ಸ್ಪ್ಲೆಂಡರಿನ 80/100-18 ಟಯರಿನ ವ್ಯಾಸ 617.2 ಮಿ.ಮೀ. ಗಾಲಿಯನ್ನು 17ಕ್ಕೆ ಇಳಿಸಿ ‘ಅದೇ ನಂಬರು’ ಎಂದು 80/100-17 ಹಾಕಿದರೆ ವ್ಯಾಸ 591.8ಕ್ಕೆ ಇಳಿಯುತ್ತದೆ. 90/100-17 ಹಾಕಿದರೆ 611.8, ಹಳೆಯದಕ್ಕೆ ಬಹಳ ಹತ್ತಿರ. ಆದರೆ ಅಗಲ ಹೆಚ್ಚಾಯಿತಲ್ಲ, ಅದು ರಿಮ್ಮಿಗೂ ಮಡ್‌ಗಾರ್ಡಿಗೂ ಹೊಂದುತ್ತದೆಯೇ ಎಂದು ಬೇರೆಯಾಗಿ ನೋಡಬೇಕು.

ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 21ರ ಬದಲು 19 ಹಾಕಿದವರಿಗೆ 110/90-19 ಇನ್ನೂ ಚೆನ್ನಾಗಿ ಹೊಂದುವಂತೆ ಕಾಣುತ್ತದೆ, ಅದರ ವ್ಯಾಸ 680.6 ಮಿ.ಮೀ. ಆದರೆ ಅದು ಮೂಲತಃ ಮೊಟೊಕ್ರಾಸ್ ಬೈಕುಗಳ ಹಿಂದಿನ ಗಾಲಿಯ ಅಳತೆ. ಆ ಅಳತೆಯಲ್ಲಿ ಸಿಗುವ ಟಯರುಗಳಲ್ಲಿ ಹೆಚ್ಚಿನವು ದೊಡ್ಡ ಗುಬ್ಬಿಗಳಿರುವ, ಡಾಂಬರು ರಸ್ತೆಗಾಗಿ ಮಾಡದ ಟಯರುಗಳು. ಹೆದ್ದಾರಿಗೆ ಹೋಗುವ ಬೈಕಿನ ಮುಂದೆ ಅದು ಬೇಡ.

ಕಂಪನಿಯೇ ಗಾಲಿ ಬದಲಿಸಿದಾಗ

ಈ ಬದಲಾವಣೆಗೆ ಕಾರ್ಖಾನೆಯಿಂದಲೇ ಬಂದ ಉದಾಹರಣೆಯಿದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಮುಂದಿನ ಟಯರ್ 90/90-21. ಅದೇ ಎಂಜಿನ್ನಿನ ಮೇಲೆ 2022ರ ಮಾರ್ಚಿನಲ್ಲಿ ಬಂದ ಸ್ಕ್ರಾಮ್ 411ರದು 100/90-19. ಹಿಂದಿನ ಟಯರ್ ಎರಡರಲ್ಲೂ 120/90-17. ಆದರೆ ಕಂಪನಿ ಬರೀ ಗಾಲಿ ಬದಲಿಸಿ ಸುಮ್ಮನಾಗಲಿಲ್ಲ. ಮುಂದಿನ ಶಾಕಪ್ಪಿನ ಓಟ 200 ಮಿ.ಮೀ.ಯಿಂದ 190ಕ್ಕೆ ಇಳಿಯಿತು, ನೆಲದಿಂದ ಬೈಕಿನ ಎತ್ತರ 220ರಿಂದ 200ಕ್ಕೆ, ಎರಡು ಗಾಲಿಗಳ ನಡುವಿನ ಅಂತರ 1465ರಿಂದ 1455ಕ್ಕೆ. ಗ್ಯಾರೇಜಿನಲ್ಲಿ ಗಾಲಿಯೊಂದನ್ನೇ ಬದಲಿಸುವಾಗ ಉಳಿದದ್ದೆಲ್ಲ ಹಳೆಯದೇ ಇರುತ್ತದೆ, ಆ ಹೊರೆಯೂ ಟಯರಿನ ಆಯ್ಕೆಯ ಮೇಲೆಯೇ ಬೀಳುತ್ತದೆ.

ಆಸ್ಪತ್ರೆಯ ಸ್ಟ್ರೆಚರಿನ ಪುಟ್ಟ ಗಾಲಿಗಳನ್ನು ಗಮನಿಸಿ. ತಳ್ಳಿದ ಕೂಡಲೇ ಅವು ತಾವಾಗಿಯೇ ತಿರುಗಿ ಹಿಂದೆ ಹಿಂದೆ ಬರುತ್ತವೆ. ಬೈಕಿನ ಮುಂದಿನ ಗಾಲಿಯೂ ಸ್ವಲ್ಪ ಹಾಗೆಯೇ. ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ತಾಗುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಬೈಕು ನೇರವಾಗಿ ಓಡಲು ಇದರ ನೆರವು ದೊಡ್ಡದು. ಮುಂಭಾಗ 16 ಮಿ.ಮೀ. ತಗ್ಗಿದರೆ ಫೋರ್ಕ್ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ನೆಟ್ಟಗಾಗುತ್ತದೆ, ಟ್ರೇಲ್ ಒಂದು ಸೆಂಟಿಮೀಟರಿನ ಆಸುಪಾಸು ಕಡಿಮೆಯಾಗುತ್ತದೆ. ಊರೊಳಗೆ ‘ಹ್ಯಾಂಡಲ್ ಹಗುರಾಯಿತು’ ಎಂದು ಖುಷಿಯಾಗುತ್ತದೆ. ಹೆದ್ದಾರಿಯಲ್ಲಿ ಲಾರಿಯ ಗಾಳಿ ಬಡಿದಾಗ ಅದೇ ಹಗುರತನ ಅಲುಗಾಟವಾಗಬಹುದು. ಫೋರ್ಕಿನ ಕೊಳವೆ ಮೇಲಿನ ಕ್ಲಾಂಪಿನಿಂದ ಹೊರಚಾಚಿದ್ದರೆ ಮೆಕ್ಯಾನಿಕ್ ಅದನ್ನು ಕೆಲವು ಮಿ.ಮೀ. ಕೆಳಗಿಳಿಸಿ ಸ್ವಲ್ಪ ಸರಿದೂಗಿಸಬಹುದು. ಎಲ್ಲ ಬೈಕುಗಳಲ್ಲಿ ಇದಕ್ಕೆ ಜಾಗವಿರುವುದಿಲ್ಲ.

ಸ್ಪೀಡೋಮೀಟರೂ ಸುಳ್ಳು ಹೇಳತೊಡಗುತ್ತದೆ. ಮುಂದಿನ ಗಾಲಿಯ ಸುತ್ತು ಎಣಿಸಿ ವೇಗ ತೋರಿಸುವ ಬೈಕಿನಲ್ಲಿ ಮೇಲಿನ ಬದಲಾವಣೆಯಿಂದ ಮುಳ್ಳು ಸುಮಾರು ಶೇ. 5ರಷ್ಟು ಹೆಚ್ಚು ತೋರಿಸುತ್ತದೆ. ‘ಚಿಕ್ಕ ಗಾಲಿ ಹಾಕಿದ ಮೇಲೆ ಮೈಲೇಜ್ ಏರಿತು’ ಎನ್ನುವವರು ಇದನ್ನು ಗಮನಿಸಬೇಕು: ಏರಿದ್ದು ಓಡೋಮೀಟರಿನ ಕಿಲೋಮೀಟರು. ಎಬಿಎಸ್ ಇರುವ ಬೈಕುಗಳಲ್ಲಿ ವಿಷಯ ಇನ್ನೂ ಗಂಭೀರ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯ. ಗಾಲಿಯ ವೇಗ ಅಳೆದೇ ಎಬಿಎಸ್ ಕೆಲಸ ಮಾಡುವುದರಿಂದ ಮೂಲ ಸೆನ್ಸರ್ ರಿಂಗ್ ಹೊಸ ಗಾಲಿಗೂ ಸರಿಯಾಗಿ ಕೂರಬೇಕು. ಎಚ್ಚರಿಕೆಯ ದೀಪ ಉರಿಯುತ್ತಲೇ ಇದ್ದರೆ ಹಾಗೆಯೇ ಓಡಿಸಬೇಡಿ.

ಅಗಲ ಟಯರ್ ಹೆಚ್ಚು ಹಿಡಿತ ಕೊಡುತ್ತದೆಯೇ?

ನೆಲಕ್ಕೆ ಒತ್ತುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಭಾರ ಮತ್ತು ಗಾಳಿಯ ಒತ್ತಡ. ಮುಂದಿನ ಗಾಲಿಯ ಮೇಲೆ 90 ಕಿಲೋ ಭಾರ, ಒಳಗೆ 25 ಪಿಎಸ್‌ಐ ಗಾಳಿ ಇದ್ದರೆ ಆ ಜಾಗ ಸುಮಾರು 51 ಚದರ ಸೆಂ.ಮೀ. ಅಗಲ ಟಯರ್ ಹಾಕಿದರೆ ಅದರ ಆಕಾರ ಬದಲಾಗುತ್ತದೆ, ಉದ್ದ ಕುಗ್ಗಿ ಅಗಲ ಹಿಗ್ಗುತ್ತದೆ. ವಿಸ್ತೀರ್ಣ ಅಷ್ಟೇನೂ ಬದಲಾಗುವುದಿಲ್ಲ. ಹಿಡಿತವನ್ನು ಹೆಚ್ಚಾಗಿ ತೀರ್ಮಾನಿಸುವುದು ರಬ್ಬರಿನ ಗುಣ ಮತ್ತು ಗೆರೆಗಳ ವಿನ್ಯಾಸ. ಕಿರಿದಾದ ರಿಮ್ಮಿಗೆ ಅಗಲ ಟಯರ್ ತುರುಕಿದರೆ ಅದರ ಗೋಡೆಗಳು ಒಳಕ್ಕೆ ಹಿಂಡಿಕೊಂಡು ನಡುಭಾಗ ಉಬ್ಬುತ್ತದೆ. ಪ್ರತಿ ಟಯರಿಗೂ ಎಷ್ಟು ಅಗಲದ ರಿಮ್ ಒಪ್ಪುತ್ತದೆಂದು ತಯಾರಕರ ಪಟ್ಟಿಯಲ್ಲಿರುತ್ತದೆ. ರಿಮ್ಮಿನ ಮೇಲೆಯೂ 1.85, 2.15, 2.50 ಎಂಬಂತೆ ಅಗಲ ಅಚ್ಚಾಗಿರುತ್ತದೆ. ಎರಡನ್ನೂ ತಾಳೆ ನೋಡದೆ ಟಯರ್ ಕೊಳ್ಳಬೇಡಿ.

ಎರೆ ಭೂಮಿಯವರಿಗೆ ಅಗಲದ ಇನ್ನೊಂದು ಕಾಟವಿದೆ. ಹಸಿ ಎರೆ ಮಣ್ಣು ಟಯರಿಗೆ ಅಂಟಿ, ಸುತ್ತು ಸುತ್ತಿಗೂ ದಪ್ಪವಾಗಿ, ಕೊನೆಗೆ ಮಡ್‌ಗಾರ್ಡಿನ ಕೆಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಗಾಲಿ ಅಲ್ಲಿಗೇ ನಿಲ್ಲುತ್ತದೆ, ಕಡ್ಡಿ ಹಿಡಿದು ರಾಡಿ ಕೆದರುವುದೊಂದೇ ದಾರಿ. ಟಯರ್ 10 ಮಿ.ಮೀ. ಅಗಲವಾದರೆ ಎರಡೂ ಬದಿಯಲ್ಲಿ ಐದೈದು ಮಿ.ಮೀ. ಜಾಗ ಹೋಯಿತು. ರಸ್ತೆಗೆ ಸಾಕಾಗುವ ಸಂದು ಹೊಲದ ದಾರಿಗೆ ಸಾಲದು. ನನ್ನ ಮಟ್ಟಿಗೆ, ಮಳೆಗಾಲದಲ್ಲೂ ಹೊಲಕ್ಕೆ ಹೋಗುವ ಬೈಕಾದರೆ ಪಟ್ಟಿಯಲ್ಲಿ ಒಪ್ಪುವ ಅಳತೆಗಳಲ್ಲಿ ಕಿರಿದಾದುದೇ ಮೇಲು.

ಟಯರಿನ ಪಕ್ಕದ ಉಳಿದ ಬರಹ

ಸ್ಪ್ಲೆಂಡರಿನ ಮುಂದೆ ಹಿಂದೆ ಎರಡೂ ಟಯರುಗಳ ಅಳತೆ 80/100-18. ಆದರೂ ಮುಂದಿನದರಲ್ಲಿ 47 ಪಿ, ಹಿಂದಿನದರಲ್ಲಿ 54 ಪಿ ಎಂದಿರುತ್ತದೆ. 47 ಎಂದರೆ ಟಯರ್ 175 ಕಿಲೋ ಹೊರಬಲ್ಲದು, 54 ಎಂದರೆ 212 ಕಿಲೋ. ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ. ಹೊಸ ಟಯರಿನಲ್ಲಿ ಇವೆರಡೂ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಕೂಡದು. ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷ: 2323 ಎಂದರೆ 2023ರ 23ನೇ ವಾರ. ಐಎಸ್‌ಐ ಗುರುತು ಇರಲೇಬೇಕು. ತಿರುಗುವ ದಿಕ್ಕಿನ ಬಾಣದ ಗುರುತನ್ನು ಕೂಡಿಸುವಾಗ ನಿಂತು ನೋಡಿ. ಮುಂದಿನ ಗಾಲಿಗೆ ಒಂದು ದಿಕ್ಕು, ಹಿಂದಿನದಕ್ಕೆ ತಿರುವುಮುರುವು ದಿಕ್ಕು ತೋರಿಸುವ ಟಯರುಗಳಿವೆ, ಏಕೆಂದರೆ ಮುಂದಿನದರ ಮೇಲೆ ಬ್ರೇಕಿನ ಎಳೆತ, ಹಿಂದಿನದರ ಮೇಲೆ ಎಂಜಿನ್ನಿನ ತಳ್ಳು.

ಸ್ಪೋಕ್ ಗಾಲಿಯಾದರೆ ಸಾಮಾನ್ಯವಾಗಿ ಟ್ಯೂಬು ಬೇಕೇ ಬೇಕು, ಅದೂ ಹೊಸ ಅಳತೆಯದು. 21ರ ಹಳೆಯ ಟ್ಯೂಬನ್ನು 19ಕ್ಕೆ ತುರುಕಿದರೆ ಮಡಿಕೆ ಬಿದ್ದು ಅಲ್ಲೇ ಸವೆಯುತ್ತದೆ. ಗಾಳಿ ತುಂಬಿಸುವಾಗ ಟಯರಿನ ಮೇಲಿನ ಗರಿಷ್ಠ ಒತ್ತಡದ ಅಂಕಿ ನೋಡಬೇಡಿ, ಬೈಕಿನ ಪುಸ್ತಕದಲ್ಲಿರುವ ಒತ್ತಡದಿಂದ ಶುರುಮಾಡಿ.

ಕೊಳ್ಳುವ ಮುನ್ನ ಕಾಗದಪತ್ರದ ಮಾತು. ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಕೆಎ 24 ನೋಂದಣಿಯವರು ಬೈಲಹೊಂಗಲದ ಆರ್‌ಟಿಒ ಕಚೇರಿಯಲ್ಲೂ ತಮ್ಮ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಎಲ್ಲ ಕೂಡಿಸಿದ ಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಪೂರ್ತಿ ಒತ್ತಿಸಿ, ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ಟಯರ್ ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುತ್ತದೆ. ಮೊದಲ ನೂರು-ನೂರೈವತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ, ತಿರುವಿನಲ್ಲಿ ಹೆಚ್ಚು ವಾಲಿಸಬೇಡಿ.